ಪಟ್ಟಿಯಲ್ಲಿಲ್ಲದ ವಸ್ತು ರಸ್ತೆಗೆ ಬಂದರೆ ಯಂತ್ರ ಏನು ಮಾಡಬೇಕು?

ಶಿರಾ_ಕೋಡರ್

ಎಲ್ಲರಿಗೂ ನಮಸ್ಕಾರ. ಬಸ್ಸು, ಲಾರಿಗಳಲ್ಲಿ ಮುಂದಿನ ಅಪಾಯ ಗುರುತಿಸಿ ಚಾಲಕರಿಗೆ ಬೀಪ್ ಕೊಡುವ ಕ್ಯಾಮೆರಾ ವ್ಯವಸ್ಥೆ ಮಾಡುವ ಸಣ್ಣ ತಂಡದಲ್ಲಿ ನಾನಿದ್ದೇನೆ. ಬೆಂಗಳೂರು-ತುಮಕೂರು ಹೆದ್ದಾರಿಯಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಸುಗ್ಗಿ ಕಾಲದಲ್ಲಿ ಶಿರಾ, ಪಾವಗಡ, ಹಿರಿಯೂರು ಕಡೆಯ ಹಳ್ಳಿ ರಸ್ತೆಗೆ ಇಳಿದರೆ ಗೊಂದಲ ಶುರು. ಡಾಂಬರಿನ ಮೇಲೆ ರಾಗಿ, ಹುರುಳಿ, ಅವರೆ ಹರಡಿರುತ್ತಾರೆ. ಗಾಡಿಗಳು ಅದರ ಮೇಲೆ ಓಡಾಡಿ ಒಕ್ಕಣೆ ಆಗಲಿ ಅಂತ. ನಮ್ಮ ಮಾಡೆಲ್, ಅಂದರೆ ಚಿತ್ರ ನೋಡಿ ವಸ್ತು ಗುರುತಿಸುವ ಪ್ರೋಗ್ರಾಂ, ಅದನ್ನು ಒಂದು ಫ್ರೇಮಿನಲ್ಲಿ ಮಣ್ಣು ಅನ್ನುತ್ತದೆ, ಮುಂದಿನದರಲ್ಲಿ ಗಿಡ ಅನ್ನುತ್ತದೆ, ಅದರ ಮುಂದಿನದರಲ್ಲಿ ಹಸು. ಪ್ರತಿ ಸಲವೂ ಪೂರ್ತಿ ವಿಶ್ವಾಸದಿಂದ.

ಒಕ್ಕಣೆ ಅಂತ ಒಂದು ಹೊಸ ಹೆಸರು ಸೇರಿಸಿ ಮತ್ತೆ ತರಬೇತಿ ಕೊಟ್ಟರೆ ಇದೊಂದು ಸರಿಹೋಗಬಹುದು. ಆಮೇಲೆ? ಜಾತ್ರೆಯ ತೇರು ಬರುತ್ತದೆ. ಚಕ್ರವೇ ಕಾಣದಷ್ಟು ಹುಲ್ಲು ಹೇರಿಕೊಂಡ ಟ್ರ್ಯಾಕ್ಟರ್ ಬರುತ್ತದೆ. ರಸ್ತೆಗೆ ಬರುವುದನ್ನೆಲ್ಲ ಮೊದಲೇ ಬರೆದಿಡಲು ಯಾರಿಂದಲೂ ಆಗುವುದಿಲ್ಲ. ಹಾಗಾದರೆ ಊಹಿಸದ ವಸ್ತು ಬಂದ ಕ್ಷಣದಲ್ಲಿ ಯಂತ್ರ ತಪ್ಪದಂತೆ ಒಳಗಿನ ಜ್ಞಾನದ ಮಾದರಿ ಹೇಗಿರಬೇಕು? ಆಮೇಲೆ ಆ ವಸ್ತುವನ್ನು ಅದು ಕಲಿಯುವುದು ಹೇಗೆ? ಗೊತ್ತಿರುವವರು ದಯವಿಟ್ಟು ಬರೆಯಿರಿ.

ಹಳೆಪಾಠ

ಒಳ್ಳೆಯ ಪ್ರಶ್ನೆ. ನಾನು ಕಾಲೇಜಿನಲ್ಲಿ ಕೃತಕ ಬುದ್ಧಿಮತ್ತೆ ಪಾಠ ಮಾಡಿದವನು, ಹಾಗಾಗಿ ಸ್ವಲ್ಪ ಹಿಂದಿನಿಂದ ಬರುತ್ತೇನೆ.

1966ರಿಂದ 1972ರವರೆಗೆ ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯಲ್ಲಿ ಶೇಕಿ ಎಂಬ ರೋಬಾಟ್ ಇತ್ತು. ತಾನೇ ಯೋಚಿಸಿ ಓಡಾಡುವ ಮೊದಲ ರೋಬಾಟ್‌ಗಳಲ್ಲಿ ಅದೂ ಒಂದು. ಅದರ ಲೋಕ ಅಂದರೆ ಕೆಲವು ಕೋಣೆ, ಬಾಗಿಲು, ದೊಡ್ಡ ಡಬ್ಬಗಳು, ಅಷ್ಟೇ. ಲೋಕವನ್ನೇ ಅದರ ಜ್ಞಾನಕ್ಕೆ ತಕ್ಕಂತೆ ಕಟ್ಟಿದ್ದರು. 1978ರಲ್ಲಿ ಕಂಪ್ಯೂಟರ್ ವಿಜ್ಞಾನಿ ರೇಮಂಡ್ ರೈಟರ್ ಈ ರೀತಿಯ ನಂಬಿಕೆಗೆ ಒಂದು ಖಚಿತ ರೂಪ ಕೊಟ್ಟರು. ನನ್ನ ದಾಖಲೆಯಲ್ಲಿ ಇಲ್ಲ ಅಂದರೆ ಅದು ಸುಳ್ಳು, ಅಂದರೆ ಇಲ್ಲವೇ ಇಲ್ಲ. ಇದು ಮುಚ್ಚಿದ ಲೋಕದ ಊಹೆ. ರೈಲ್ವೆ ಟಿಕೆಟ್ ಪಟ್ಟಿಗೆ ಇದು ಸರಿ. ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ ಅಂದರೆ ಟಿಕೆಟ್ ಇಲ್ಲ. ರಸ್ತೆಗೆ ಇದು ಸರಿಯಲ್ಲ.

ತೆರೆದ ಲೋಕದ ಊಹೆ ಬೇರೆ. ಹೇಳಿಲ್ಲ ಅಂದರೆ ಗೊತ್ತಿಲ್ಲ ಅಂತ ಮಾತ್ರ ಅರ್ಥ. ವೆಬ್‌ಗಾಗಿ 2004ರಲ್ಲಿ ಬಂದ ಓಡಬ್ಲ್ಯೂಎಲ್ ಎಂಬ ಜ್ಞಾನ ಬರೆಯುವ ಭಾಷೆ ಈ ನಿಯಮದ ಮೇಲೆ ನಿಂತಿದೆ. ನಿಮ್ಮ ಕ್ಯಾಮೆರಾ ಮಾಡೆಲ್ ಮುಚ್ಚಿದ ಲೋಕದಲ್ಲಿ ಬೆಳೆದಿದೆ, ಕೆಲಸ ಮಾತ್ರ ತೆರೆದ ಲೋಕದಲ್ಲಿ. ತೊಂದರೆಯ ಬೇರು ಅಲ್ಲಿದೆ ಅಂತ ನನಗನ್ನಿಸುತ್ತದೆ.

ಸ್ಟುಟ್‌ಗಾರ್ಟ್_ಕನ್ನಡಿಗ

ಹಳೆಪಾಠ ಸರ್ ಹೇಳಿದ್ದು ಇಂಥ ಮಾಡೆಲ್ ನಿಂತಿರುವ ನ್ಯೂರಲ್ ನೆಟ್‌ವರ್ಕ್ ಒಳಗೆ ಎಲ್ಲಿ ಕೂತಿದೆ ಅಂತ ಹೇಳುತ್ತೇನೆ. ಕೊನೆಯ ಪದರದಲ್ಲಿ ಸಾಫ್ಟ್‌ಮ್ಯಾಕ್ಸ್ ಇರುತ್ತದಲ್ಲ, ಅದು ಎಲ್ಲ ಹೆಸರುಗಳ ಅಂಕ ಕೂಡಿಸಿದರೆ 1 ಆಗುವಂತೆ ಹಂಚುತ್ತದೆ. ಒಂದು ಸೇರು ಅಕ್ಕಿಯನ್ನು ಮನೆಯಲ್ಲಿರುವ ಪಾತ್ರೆಗಳಿಗೇ ತುಂಬಬೇಕು, ಒಂದು ಕಾಳೂ ಹೊರಗೆ ಉಳಿಯಬಾರದು ಅಂದಂತೆ. ರಾಗಿ ತೆನೆ ಹಸುವಿನ ಪಾತ್ರೆಗೆ ಬಿದ್ದದ್ದು ಹೀಗೆ.

ಇನ್ನೊಂದು ವಿಷಯ ಜನ ಗಮನಿಸುವುದಿಲ್ಲ. 2016ರಲ್ಲಿ ಬಂದ ಸಿಟಿಸ್ಕೇಪ್ಸ್ ದತ್ತಾಂಶ, ಅಂದರೆ ಗುರುತು ಹಾಕಿದ ರಸ್ತೆ ಚಿತ್ರಗಳ ಸಂಗ್ರಹ, ನಮ್ಮ ಕ್ಷೇತ್ರದಲ್ಲಿ ತುಂಬಾ ಬಳಕೆಯಲ್ಲಿದೆ. 50 ನಗರಗಳು, ಹೆಚ್ಚಿನವು ಜರ್ಮನಿಯವು. ಅದರಲ್ಲಿ 30 ಬಗೆಯ ಗುರುತುಗಳಿವೆ, ಆದರೆ ಪರೀಕ್ಷೆಗೆ ಲೆಕ್ಕಕ್ಕೆ ಬರುವುದು 19. ಉಳಿದ ಪಿಕ್ಸೆಲ್‌ಗಳನ್ನು ತರಬೇತಿಯಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಅಂದರೆ ಅಪರೂಪದ ವಸ್ತುವಿನ ಮೇಲೆ ಮಾಡೆಲ್ ಏನು ಹೇಳಿದರೂ ಅದಕ್ಕೆ ಶಿಕ್ಷೆ ಇಲ್ಲ. ಗೊತ್ತಿಲ್ಲ ಅನ್ನುವುದನ್ನು ನಾವು ಅದಕ್ಕೆ ಕಲಿಸಿಯೇ ಇಲ್ಲ.

ನಿಮಗೆ ಹತ್ತಿರದ್ದು ಐಡಿಡಿ, ಅಂದರೆ ಇಂಡಿಯಾ ಡ್ರೈವಿಂಗ್ ಡೇಟಾಸೆಟ್. ಹೈದರಾಬಾದಿನ ಐಐಐಟಿಯವರು ಇಂಟೆಲ್ ಜೊತೆ ಸೇರಿ ಮಾಡಿದ್ದು. ಹೈದರಾಬಾದ್, ಬೆಂಗಳೂರು ಮತ್ತು ಸುತ್ತಲಿನ ರಸ್ತೆಗಳಲ್ಲಿ ತೆಗೆದ 10,004 ಚಿತ್ರಗಳು, 34 ಬಗೆಗಳು. ಆಟೋರಿಕ್ಷಾಕ್ಕೆ ಅಲ್ಲಿ ಸ್ವಂತ ಜಾಗ ಇದೆ. ನನಗೆ ಅದರಲ್ಲಿ ತುಂಬಾ ಇಷ್ಟವಾದದ್ದು ಬೇರೆ. ಗುರುತುಗಳನ್ನು ಸಾಲಾಗಿ ಇಡದೆ ಮೆಟ್ಟಿಲಾಗಿ ಇಟ್ಟಿದ್ದಾರೆ. ಮೇಲಿನ ಮೆಟ್ಟಿಲಲ್ಲಿ ಬರೀ 7: ಗಾಡಿ ಓಡಿಸಬಹುದಾದ ಜಾಗ, ಓಡಿಸಲಾಗದ ಜಾಗ, ಜೀವ ಇರುವವು, ವಾಹನ, ರಸ್ತೆ ಬದಿಯ ವಸ್ತು, ದೂರದ್ದು, ಆಕಾಶ. ಯಾವುದಕ್ಕೂ ಹೊಂದದ ವಾಹನಕ್ಕೆ 'ಇತರ ವಾಹನ' ಅನ್ನುವಂಥ ಗುರುತೂ ಇದೆ. ಓಡಿಸಬಹುದಾದ ಜಾಗಕ್ಕೂ ಅಂಥದೇ ಇದೆ.

ಶಿರಾ_ಕೋಡರ್

ಮೆಟ್ಟಿಲಿನ ವಿಷಯ ಹೊಳೆದೇ ಇರಲಿಲ್ಲ. ಅದನ್ನು ಓಡುವ ಹೊತ್ತಿನಲ್ಲಿ ಬಳಸುವುದು ಹೇಗೆ?

ಸ್ಟುಟ್‌ಗಾರ್ಟ್_ಕನ್ನಡಿಗ

ಸುಲಭದ ದಾರಿ ಒಂದಿದೆ. ಹುಲ್ಲು ಹೇರಿದ ಟ್ರ್ಯಾಕ್ಟರ್ ಬಂತು ಅಂದುಕೊಳ್ಳಿ. ಮಾಡೆಲ್ ಲಾರಿಗೆ 0.35, ಬಸ್ಸಿಗೆ 0.30, ಆಟೋಗೆ 0.20 ಕೊಟ್ಟಿತು. ಕೆಳಗಿನ ಮೆಟ್ಟಿಲಲ್ಲಿ ಯಾವುದನ್ನೂ ನಂಬುವಂತಿಲ್ಲ. ಮೂರನ್ನೂ ಕೂಡಿಸಿ, ವಾಹನ 0.85. ಒಂದು ಮೆಟ್ಟಿಲು ಹತ್ತಿ ಅಲ್ಲಿಂದ ನಿರ್ಧಾರ ಮಾಡಿ. ಲಾರಿಯೋ ಬಸ್ಸೋ ಗೊತ್ತಾಗದಿದ್ದರೂ ಎದುರಿಗೆ ವಾಹನ ಇದೆ ಅನ್ನುವುದು ಸಾಕು, ಅಲ್ವಾ?

ಆದರೆ ಪೂರ್ತಿ ಹೊಸದಾದ ವಸ್ತುವಿಗೆ ಇದು ಸಾಲದು. ಮೇಲಿನ ಮೆಟ್ಟಿಲಲ್ಲೂ ಅದೇ ಸಾಫ್ಟ್‌ಮ್ಯಾಕ್ಸ್ ಇದೆ.

ರೂಟ್_ಚಾಲಕ

ನಾನು ಎಂಜಿನಿಯರ್ ಅಲ್ಲ, ಬಸ್ ಓಡಿಸುವವನು. ಮಗಳು ಈ ಚರ್ಚೆ ತೋರಿಸಿದಳು. ಒಂದು ಮಾತು ಹೇಳಲೇಬೇಕು ಅನ್ನಿಸಿತು.

ಮುಂದೆ ಇರುವುದರ ಹೆಸರು ತಿಳಿದುಕೊಂಡು ಆಮೇಲೆ ಬ್ರೇಕ್ ಹಾಕುವ ಚಾಲಕ ಯಾರೂ ಇಲ್ಲ. ರಾತ್ರಿ ಲೈಟಿನ ಬೆಳಕಿಗೆ ಏನೋ ಕಪ್ಪಗೆ ಕಂಡಿತು ಅಂದರೆ ಕಾಲು ತಾನಾಗಿ ಆಕ್ಸಿಲರೇಟರಿಂದ ಮೇಲೆ ಬರುತ್ತದೆ. ಆಮೇಲೆ ನೋಡುವುದು ಅಲುಗಾಡುತ್ತಿದೆಯಾ, ಎತ್ತರ ಎಷ್ಟು, ನಮ್ಮ ಕಡೆ ಬರುತ್ತಿದೆಯಾ ಅಂತ. ಕಂಬಳಿ ಹೊದ್ದು ರಸ್ತೆ ಅಂಚಿನಲ್ಲಿ ಮಲಗಿದ ಕುರಿಗಾಹಿ ಮೂಟೆಯ ಹಾಗೇ ಕಾಣುತ್ತಾನೆ. ಮೂಟೆ ಅಂದುಕೊಂಡು ಹತ್ತಿರದಲ್ಲಿ ಹೋಗುವ ಧೈರ್ಯ ನನಗಿಲ್ಲ. ಕುರಿ ಹಿಂಡು ಪಕ್ಕದ ಹೊಲದಲ್ಲಿ ತಂಗಿದೆ ಅಂದರೆ ಮೂಟೆಯ ಹಾಗೆ ಇರುವುದೆಲ್ಲ ಮನುಷ್ಯ ಅಂತಲೇ ಲೆಕ್ಕ.

ನಿಮ್ಮ ಯಂತ್ರಕ್ಕೆ ಇದನ್ನು ಕಲಿಸಿ ಸ್ವಾಮಿ. ಹೆಸರು ಆಮೇಲೆ.

ಸ್ಟುಟ್‌ಗಾರ್ಟ್_ಕನ್ನಡಿಗ

ಅಣ್ಣ, ನೀವು ಹೇಳಿದ್ದನ್ನು ಮಾಡದೆ ಒಂದು ಜೀವ ಹೋಗಿದೆ. ಆ ತನಿಖೆಯನ್ನು ಈ ಕೆಲಸ ಮಾಡುವ ಎಲ್ಲರೂ ಓದಬೇಕು. ಸ್ವಲ್ಪ ಉದ್ದ ಬರೆಯುತ್ತೇನೆ.

2018ರ ಮಾರ್ಚ್ 18ರ ರಾತ್ರಿ, ಅಮೆರಿಕದ ಅರಿಜೋನಾ ರಾಜ್ಯದ ಟೆಂಪೆ ನಗರ. ಉಬರ್ ಪರೀಕ್ಷೆಗೆ ಓಡಿಸುತ್ತಿದ್ದ ಸ್ವಯಂಚಾಲಿತ ಕಾರು ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿತ್ತು. ಒಬ್ಬ ಮಹಿಳೆ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು, ಜೀಬ್ರಾ ಪಟ್ಟೆ ಇಲ್ಲದ ಜಾಗದಲ್ಲಿ. ಡಿಕ್ಕಿಗೆ 5.6 ಸೆಕೆಂಡ್ ಮೊದಲೇ ರೇಡಾರ್‌ಗೆ ಅವರು ಕಂಡಿದ್ದರು. ಆ ವೇಗಕ್ಕೆ ಅದು ನೂರು ಮೀಟರಿಗಿಂತ ಜಾಸ್ತಿ ದೂರ. ನಿಲ್ಲಿಸಲು ಧಾರಾಳ ಸಮಯ.

ವ್ಯವಸ್ಥೆ ಮೊದಲು ಅವರನ್ನು ವಾಹನ ಅಂದಿತು. ಆಮೇಲೆ 'ಇತರ' ಅಂದಿತು. ಮತ್ತೆ ವಾಹನ, ಮತ್ತೆ ಇತರ, ಆಮೇಲೆ ಸೈಕಲ್. ಪಟ್ಟೆಯ ಹತ್ತಿರ ಇಲ್ಲದ ಪಾದಚಾರಿ ಎಂಬ ಕಲ್ಪನೆಯೇ ಅದರ ಜ್ಞಾನದಲ್ಲಿ ಇರಲಿಲ್ಲ. ನನ್ನನ್ನು ಹೆಚ್ಚು ಕಾಡುವುದು ಮುಂದಿನದು. ಹೆಸರು ಬದಲಾದಾಗಲೆಲ್ಲ ಆ ವಸ್ತು ಅಲ್ಲಿಯವರೆಗೆ ಎಲ್ಲಿಂದ ಎಲ್ಲಿಗೆ ಬಂತು ಎಂಬ ಲೆಕ್ಕ ದಾರಿ ಊಹಿಸಲು ಸಿಗುತ್ತಿರಲಿಲ್ಲ. 'ಇತರ' ಅಂದಾಗ ಅದು ಎಲ್ಲಿಗೂ ಹೋಗುತ್ತಿಲ್ಲ, ನಿಂತಿದೆ ಅಂತ ಲೆಕ್ಕ. ರಸ್ತೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಅವರು ನಡೆದುಬರುತ್ತಿದ್ದುದು ಸೆನ್ಸರಿಗೆ ಕಾಣುತ್ತಲೇ ಇತ್ತು. ಹೆಸರು ತೂಗಾಡಿದ್ದರಿಂದ ನಡಿಗೆ ಕಳೆದುಹೋಯಿತು.

ಡಿಕ್ಕಿ ತಪ್ಪದು ಅಂತ ಗೊತ್ತಾದಾಗ ಉಳಿದಿದ್ದು 1.2 ಸೆಕೆಂಡ್. ಆಗಲೂ ತಕ್ಷಣ ಬ್ರೇಕ್ ಇಲ್ಲ. ಸುಳ್ಳು ಎಚ್ಚರಿಕೆಗೆ ಸುಮ್ಮನೆ ಬ್ರೇಕ್ ಬೀಳಬಾರದು ಅಂತ 1 ಸೆಕೆಂಡ್ ತಡೆದು ನೋಡುವ ವ್ಯವಸ್ಥೆ ಇಟ್ಟಿದ್ದರು. ಕಾರಿನಲ್ಲಿದ್ದ ನಿಗಾ ಚಾಲಕಿಯ ಕಣ್ಣು ಮೊಬೈಲ್ ಮೇಲಿತ್ತು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2019ರಲ್ಲಿ ಇದನ್ನೆಲ್ಲ ಬಿಡಿಸಿ ಬರೆದಿದೆ.

ಶಿರಾ_ಕೋಡರ್, ನಿಮ್ಮ ರಾಗಿಯ ಫ್ರೇಮ್‌ಗಳೂ ಇದೇ ರೀತಿ ಹೆಸರು ಬದಲಿಸುತ್ತಿವೆ. ನಿಮ್ಮ ಟ್ರ್ಯಾಕರ್ (ಫ್ರೇಮಿನಿಂದ ಫ್ರೇಮಿಗೆ ಒಂದೇ ವಸ್ತುವನ್ನು ಹಿಂಬಾಲಿಸುವ ಭಾಗ) ಹೆಸರಿನ ಮೇಲೆ ನಿಂತಿದೆಯಾ, ವಸ್ತುವಿನ ಮೇಲೆ ನಿಂತಿದೆಯಾ ಅಂತ ಇವತ್ತೇ ನೋಡಿ. ಜಾಗ, ಗಾತ್ರ, ವೇಗ ವಸ್ತುವಿಗೆ ಸೇರಿದವು. ಹೆಸರು ಎಷ್ಟು ಸಲ ಬದಲಾದರೂ ಅವು ಉಳಿಯಬೇಕು.

ಶಿರಾ_ಕೋಡರ್

ನೋಡಿದೆ ಸರ್. ನಮ್ಮದರಲ್ಲೂ ಪ್ರತಿ ಹೆಸರಿಗೆ ಬೇರೆ ಟ್ರ್ಯಾಕ್ ಇದೆ. ನಾವು ತಂದು ಹಾಕಿದ ಸಿದ್ಧ ಲೈಬ್ರರಿ ಹಾಗೇ ಮಾಡುತ್ತದೆ. ಅದನ್ನು ಬದಲಿಸುವ ಕೆಲಸ ಸೋಮವಾರದಿಂದ ಶುರು.

ಮೈಸೂರು_ಮಾಡೆಲ್

ಇಷ್ಟೆಲ್ಲ ಕಷ್ಟ ಯಾಕೆ? ಈಗ ಚಿತ್ರ ಮತ್ತು ಭಾಷೆ ಎರಡನ್ನೂ ಸೇರಿಸಿ ಕಲಿತ ದೊಡ್ಡ ಮಾಡೆಲ್‌ಗಳಿವೆ. 2021ರಲ್ಲಿ ಬಂದ ಕ್ಲಿಪ್ ಎಂಬ ಮಾಡೆಲ್ 40 ಕೋಟಿ ಚಿತ್ರ-ಬರಹ ಜೋಡಿಗಳಿಂದ ಕಲಿತಿದೆ. ಅದಕ್ಕೆ ನಿಗದಿತ ಪಟ್ಟಿಯೇ ಇಲ್ಲ. "ರಸ್ತೆ ಮೇಲೆ ಹರಡಿದ ಬೆಳೆ" ಅಂತ ವಾಕ್ಯ ಕೊಟ್ಟರೆ ಹುಡುಕುತ್ತದೆ. ಮುಚ್ಚಿದ ಲೋಕದ ಸಮಸ್ಯೆ ಇನ್ನು ಹಳೆಯ ಮಾತು ಅಂತ ನನ್ನ ಅಭಿಪ್ರಾಯ.

ಹಳೆಪಾಠ

ಆ ವಾಕ್ಯ ಕೊಡುವವರು ಯಾರು? ನೀವೇ. ಅಂದರೆ ನೀವು ಮೊದಲೇ ಊಹಿಸಿದ್ದೀರಿ. ಊಹಿಸದೆ ಇರುವುದಕ್ಕೆ ವಾಕ್ಯ ಎಲ್ಲಿಂದ ತರುತ್ತೀರಿ?

ಸ್ಟುಟ್‌ಗಾರ್ಟ್_ಕನ್ನಡಿಗ

ಕ್ಲಿಪ್ ಮಾಡಿದ ಓಪನ್‌ಎಐನವರೇ 2021ರಲ್ಲಿ ಒಂದು ಪರೀಕ್ಷೆ ತೋರಿಸಿದ್ದರು. ಸೇಬಿನ ಮೇಲೆ 'ಐಪಾಡ್' ಅಂತ ಬರೆದ ಚೀಟಿ ಅಂಟಿಸಿದರೆ ಮಾಡೆಲ್ ಸೇಬನ್ನು ಐಪಾಡ್ ಅಂದಿತು. ನಮ್ಮ ಲಾರಿಗಳ ಹಿಂದೆ ಎಷ್ಟೆಲ್ಲ ಬರೆದಿರುತ್ತಾರೆ ಅಂತ ಯೋಚಿಸಿ.

ಹಾಗಂತ ದೊಡ್ಡ ಮಾಡೆಲ್ ಬೇಡ ಅನ್ನುತ್ತಿಲ್ಲ. 2023ರಲ್ಲಿ ಮೆಟಾ ಬಿಟ್ಟ 'ಸ್ಯಾಮ್' ವಸ್ತುವಿನ ಹೆಸರು ಹೇಳುವುದಿಲ್ಲ, ಅದರ ಅಂಚು ಮಾತ್ರ ಕತ್ತರಿಸಿ ಕೊಡುತ್ತದೆ. ಇಲ್ಲೊಂದು ವಸ್ತು ಇದೆ, ಇಲ್ಲಿಂದ ಇಲ್ಲಿಯವರೆಗೆ ಅಂತ. ಚಾಲಕ ಅಣ್ಣ ಕೇಳಿದ್ದೂ ಅದನ್ನೇ. ಎರಡು ಕ್ಯಾಮೆರಾ ಇಟ್ಟು ದೂರ ಅಳೆದರೆ ನೆಲದಿಂದ ಮೇಲೆ ಎದ್ದಿರುವುದೆಲ್ಲ ಹೆಸರಿಲ್ಲದೆಯೂ ಸಿಗುತ್ತದೆ. ರಸ್ತೆಯಲ್ಲಿ ಬಿದ್ದ ಸಣ್ಣ ಸಾಮಾನುಗಳನ್ನು ಹೀಗೆ ಹುಡುಕಲು ಡೈಮ್ಲರ್ ಸಂಶೋಧಕರು 2016ರಲ್ಲೇ ಒಂದು ದತ್ತಾಂಶ ಮಾಡಿದ್ದಾರೆ.

ಅಳತೆಯೂ ಜ್ಞಾನದ ಮೇಲೆ ನಿಂತಿರುತ್ತದೆ ಅನ್ನುವುದು ನೆನಪಿರಲಿ. ವೋಲ್ವೋ ಕಾರಿನ ಪ್ರಾಣಿ ಗುರುತಿಸುವ ವ್ಯವಸ್ಥೆ ಸ್ವೀಡನ್ನಿನಲ್ಲಿ ಕಡವೆಯಂಥ ದೊಡ್ಡ ಪ್ರಾಣಿಗಳನ್ನು ನೋಡಿ ಬೆಳೆದಿತ್ತು. ಅದು ನೆಲವನ್ನು ಆಧಾರ ಮಾಡಿಕೊಂಡು ದೂರ ಲೆಕ್ಕ ಹಾಕುತ್ತಿತ್ತು. ಆಸ್ಟ್ರೇಲಿಯಾದಲ್ಲಿ ಕಾಂಗರೂ ಎದುರಾಯಿತು. ನೆಗೆದಾಗ ದೂರ ಇದ್ದಂತೆ, ಇಳಿದಾಗ ಹತ್ತಿರ ಬಂದಂತೆ ಕಂಡಿತು. 2017ರಲ್ಲಿ ಕಂಪನಿಯವರೇ ಇದನ್ನು ಹೇಳಿದ್ದರು. ಪ್ರಾಣಿಯ ಕಾಲು ನೆಲದ ಮೇಲಿರುತ್ತದೆ ಎಂಬ ನಂಬಿಕೆಯನ್ನು ಯಾರೂ ಪಟ್ಟಿಯಲ್ಲಿ ಬರೆದಿರಲಿಲ್ಲ, ಆದರೂ ಅದು ಒಳಗೆ ಇತ್ತು.

ಲೇಬಲ್_ಅಕ್ಕ

ಚಿತ್ರಗಳಿಗೆ ಗುರುತು ಹಾಕುವ ಕೆಲಸ ನನ್ನದು. ನಿಮ್ಮ ಮಾಡೆಲ್‌ಗಳು ಕಲಿಯುವುದು ನಮ್ಮಂಥವರು ಎಳೆದ ಗೆರೆಗಳಿಂದ. ಈ ಚರ್ಚೆಯಲ್ಲಿ ನಮ್ಮ ಕಡೆಯ ಮಾತು ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಹೊಸ ವಸ್ತು ಮೊದಲು ಕಾಣುವುದು ನಮಗೆ. ಸೂಚನೆಯ ಪುಸ್ತಕದಲ್ಲಿ ಅದಕ್ಕೆ ಜಾಗ ಇರುವುದಿಲ್ಲ. ಮೇಲಿನವರಿಗೆ ಕೇಳಿದರೆ "ಹತ್ತಿರದ ಯಾವುದಾದರೂ ಹಾಕಿ" ಅನ್ನುತ್ತಾರೆ. ಗಂಟೆಗೆ ಇಷ್ಟು ಚಿತ್ರ ಮುಗಿಸಬೇಕು. ತಲೆ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸು ಬಂದರೆ ಹೊರೆ ಸೇರಿಸಿ ಮನುಷ್ಯ ಅನ್ನಬೇಕಾ, ಹೊರೆ ಬಿಟ್ಟು ಅನ್ನಬೇಕಾ? ಒಬ್ಬೊಬ್ಬರು ಒಂದೊಂದು ಥರ ಹಾಕುತ್ತಾರೆ. ಬಿದಿರಿನ ಏಣಿ ಕಟ್ಟಿಕೊಂಡ ಬೈಕಿಗೆ ಏಣಿಯನ್ನು ಬಿಟ್ಟು ಬಾಕ್ಸ್ ಎಳೆಯುತ್ತಾರೆ. ಆ ಏಣಿ ಬೈಕಿಗಿಂತ ಉದ್ದ ಹಿಂದಕ್ಕೆ ಚಾಚಿರುತ್ತದೆ. ನಿಮ್ಮ ಯಂತ್ರಕ್ಕೆ ಅಲ್ಲಿ ಬರೀ ಗಾಳಿ.

'ಇತರ' ಅನ್ನುವ ಗುರುತು ಇದ್ದರೂ ಜಾಸ್ತಿ ಬಳಸಿದರೆ ಗುಣಮಟ್ಟದ ಅಂಕ ಕಡಿಮೆಯಾಗುತ್ತದೆ. ಹಾಗಾಗಿ ಗೊತ್ತಿಲ್ಲ ಅಂತ ಹೇಳುವುದನ್ನು ಮನುಷ್ಯರಿಂದಲೇ ತೆಗೆದುಹಾಕಿ, ಆಮೇಲೆ ಯಂತ್ರಕ್ಕೆ ಅದನ್ನು ಕಲಿಸಲು ಹೊರಟಿದ್ದೀರಿ.

ಶಿರಾ_ಕೋಡರ್

ಅಕ್ಕ, ಇದನ್ನು ಓದಿ ತುಂಬಾ ಹೊತ್ತು ಯೋಚಿಸಿದೆ. ನಮ್ಮ ಸೂಚನೆ ಪುಸ್ತಕದಲ್ಲಿ ಏನು ಬದಲಾದರೆ ನಿಮಗೆ ಅನುಕೂಲ?

ಲೇಬಲ್_ಅಕ್ಕ

ಹೆಸರು ಗೊತ್ತಿಲ್ಲದಿದ್ದರೆ ಕೆಲವು ಪ್ರಶ್ನೆ ಕೇಳಿ ಸಾಕು. ಜೀವ ಇದೆಯಾ? ತಾನೇ ಚಲಿಸುತ್ತದಾ, ಯಾರಾದರೂ ಎಳೆಯುತ್ತಿದ್ದಾರಾ? ಮೇಲೆ ಗಾಡಿ ಹೋದರೆ ಯಾರಿಗಾದರೂ ಪೆಟ್ಟಾಗುತ್ತದಾ? ಇವಕ್ಕೆ ನಾನು ಚಿತ್ರ ನೋಡಿದ ಕೂಡಲೇ ಉತ್ತರ ಹೇಳುತ್ತೇನೆ. ಜೊತೆಗೆ ಒಂದು ಸಾಲು ಬರೆಯಲು ಖಾಲಿ ಜಾಗ ಕೊಡಿ, ಕನ್ನಡದಲ್ಲೇ. 'ಇತರ' ಅಂತ ಹಾಕಿದರೆ ಅಂಕ ಕಡಿಯಬೇಡಿ.

ಹಳೆಪಾಠ

ಮೇಡಂ, ನೀವು ಕೇಳಿದ ಪ್ರಶ್ನೆಗಳೇ ಸರಿಯಾದ ಜ್ಞಾನದ ಮಾದರಿ. ಉತ್ಪ್ರೇಕ್ಷೆ ಅಲ್ಲ. ಹೆಸರಿಗೆ ನಿಯಮ ಕಟ್ಟಿದರೆ ಹೆಸರು ಸಿಗದಾಗ ನಿಯಮವೂ ಸಿಗುವುದಿಲ್ಲ. ಗುಣಕ್ಕೆ ಕಟ್ಟಿದರೆ ಹೊಸ ವಸ್ತುವೂ ಬಂದ ದಿನವೇ ಹಳೆಯ ನಿಯಮದ ಕೆಳಗೆ ಬರುತ್ತದೆ. 1980ರಲ್ಲಿ ರೈಟರ್ ಅವರೇ ಇದಕ್ಕೆ ಒಂದು ತರ್ಕ ಕೊಟ್ಟರು. ಬೇರೆ ಸುದ್ದಿ ಬರುವವರೆಗೆ ಸಾಮಾನ್ಯ ನಿಯಮ ನಡೆಯಲಿ, ಸುದ್ದಿ ಬಂದರೆ ಹಿಂತೆಗೆದುಕೊಳ್ಳಲಿ. ಹಕ್ಕಿ ಅಂದರೆ ಹಾರುತ್ತದೆ, ಪೆಂಗ್ವಿನ್ ಅಂತ ತಿಳಿದ ಮೇಲೆ ಹಾರುವುದಿಲ್ಲ.

ರಸ್ತೆಗೆ ಹೀಗೆ ಬರೆಯಬಹುದು. ನೆಲದಿಂದ ಮೇಲೆದ್ದಿರುವ, ಹೆಸರಿಲ್ಲದ ಯಾವುದಕ್ಕೂ ನಿಧಾನಿಸು. ಜೀವ ಇರಬಹುದು ಅನ್ನಿಸಿದರೆ ನಿಲ್ಲು. ಒಕ್ಕಣೆ ಅಂತ ಖಚಿತವಾದರೆ ಮಾತ್ರ ಅದಕ್ಕೆ ವಿನಾಯಿತಿ. ವಿನಾಯಿತಿಯನ್ನು ಗಳಿಸಬೇಕು, ಎಚ್ಚರಿಕೆ ಮೊದಲಿಂದಲೇ ಇರಬೇಕು.

ರೂಟ್_ಚಾಲಕ

ಒಕ್ಕಣೆಗೂ ಪೂರ್ತಿ ವಿನಾಯಿತಿ ಕೊಡಬೇಡಿ. ಹುರುಳಿ ಕಡ್ಡಿ ಕಾರಿನ ಅಡಿಗೆ ಸುತ್ತಿಕೊಂಡು ಬೆಂಕಿ ಹತ್ತಿದ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಬೈಕಿನವರು ಜಾರಿ ಬೀಳುತ್ತಾರೆ. ಪಕ್ಕದಲ್ಲಿ ಬಗ್ಗಿ ಕಡ್ಡಿ ತಿರುವುತ್ತಿರುವ ಜನರೂ ಇರುತ್ತಾರೆ.

ಇನ್ನೊಂದು. ರಸ್ತೆ ಮೇಲೆ ಹಸಿ ಕೊಂಬೆ ಇಟ್ಟಿದ್ದರೆ ಅದು ಬರೀ ಕೊಂಬೆ ಅಲ್ಲ. ಮುಂದೆ ಲಾರಿ ಕೆಟ್ಟು ನಿಂತಿದೆ, ಇಲ್ಲವೇ ಗುಂಡಿ ಇದೆ ಅಂತ ಯಾರೋ ಹೇಳಿದ್ದು. ಅದನ್ನು ತಪ್ಪಿಸಿಕೊಂಡು ಮತ್ತೆ ಅದೇ ವೇಗದಲ್ಲಿ ಹೋದರೆ ಲಾರಿಗೆ ಗುದ್ದುತ್ತೀರಿ. ಸಾಲಾಗಿ ಇಟ್ಟ ಕಲ್ಲುಗಳಿಗೂ ಅದೇ ಅರ್ಥ. ಲಾರಿ ಹೋದ ಮೇಲೆ ಕಲ್ಲು ತೆಗೆಯದೆ ಹೋಗುವವರೂ ಇದ್ದಾರೆ, ಆಗ ಕಲ್ಲೇ ಅಪಾಯ.

ಮೈಸೂರು_ಮಾಡೆಲ್

ಇದು ನಿಜವಾಗಿಯೂ ಕಷ್ಟದ್ದು. ವಸ್ತು ಗೊತ್ತು, ಅದು ಹೇಳುವ ಮಾತು ಗೊತ್ತಿಲ್ಲ. ದೊಡ್ಡ ಭಾಷಾ ಮಾಡೆಲ್ ಉಪಯೋಗಕ್ಕೆ ಬರುವುದು ಇಲ್ಲಿರಬಹುದು. ಆದರೆ ಅದಕ್ಕೆ ಉತ್ತರಿಸಲು ಸಮಯ ಬೇಕು. ಕ್ಷಣದಲ್ಲಿ ನಿಧಾನಿಸುವುದನ್ನು ಸರಳ ನಿಯಮ ಮಾಡಲಿ, ಅರ್ಥ ಹುಡುಕುವುದನ್ನು ದೊಡ್ಡದು ಮಾಡಲಿ. ಹಳೆಪಾಠ ಸರ್ ಕೇಳಿದ ಪ್ರಶ್ನೆಗೆ ನನ್ನ ಬಳಿ ಬೇರೆ ಉತ್ತರ ಇಲ್ಲ.

ಆದರೆ ಎಲ್ಲದಕ್ಕೂ ಬೀಪ್ ಹೊಡೆದರೆ ಚಾಲಕರು ವೈರನ್ನೇ ಕಿತ್ತುಹಾಕುತ್ತಾರೆ. ಖಾಲಿ ಸಿಮೆಂಟ್ ಚೀಲ ಗಾಳಿಗೆ ಹಾರಿದರೂ ಬೀಪ್ ಬಂದರೆ ಯಾರು ಇಟ್ಟುಕೊಳ್ಳುತ್ತಾರೆ?

ರೂಟ್_ಚಾಲಕ

ಕಿತ್ತುಹಾಕುತ್ತಾರೆ, ಅನುಮಾನ ಇಲ್ಲ. ಎರಡು ಥರ ಸದ್ದು ಇಡಿ. 'ಏನೋ ಇದೆ, ನೋಡು' ಅನ್ನಲು ಮೆಲ್ಲಗೆ ಒಂದು. 'ನಿಲ್ಲು' ಅನ್ನಲು ಜೋರಾಗಿ ಒಂದು.

ಸ್ಟುಟ್‌ಗಾರ್ಟ್_ಕನ್ನಡಿಗ

ಅಣ್ಣ ಹೇಳಿದ್ದು ಸರಿ. ಉಬರ್‌ನ 1 ಸೆಕೆಂಡ್ ತಡೆ ಹುಟ್ಟಿದ್ದೂ ಸುಳ್ಳು ಎಚ್ಚರಿಕೆಯ ಭಯದಿಂದ. ಬ್ರೇಕ್ ಅಥವಾ ಏನೂ ಇಲ್ಲ ಅನ್ನುವ ಎರಡೇ ದಾರಿ ಇದ್ದರೆ ಎಲ್ಲರೂ ಆ ಬಲೆಗೆ ಬೀಳುತ್ತಾರೆ. ನಡುವೆ ಮೆಲ್ಲಗೆ ನಿಧಾನಿಸುವ ಮೆಟ್ಟಿಲು ಇರಬೇಕು.

ಇನ್ನು ಹೊಸದನ್ನು ಕಲಿಯುವ ವಿಷಯ. 2021ರಲ್ಲಿ ಹೈದರಾಬಾದ್ ಐಐಟಿಯ ಸಂಶೋಧಕರು ಬೇರೆಯವರ ಜೊತೆ ಸೇರಿ ತೆರೆದ ಲೋಕದ ವಸ್ತು ಪತ್ತೆ ಅಂತ ಒಂದು ಪ್ರಬಂಧ ತಂದರು. ಕೋಕೋ ಎಂಬ ಚಿತ್ರ ದತ್ತಾಂಶದ 80 ಬಗೆಗಳನ್ನು 20ರಂತೆ ನಾಲ್ಕು ಪಾಲು ಮಾಡಿ, ಒಂದೊಂದೇ ಪಾಲು ಕಲಿಸಿದರು. ವಸ್ತು ಅನ್ನುವ ಹಾಗಿದೆ, ಆದರೆ ಯಾವ ಗುರುತಿಗೂ ಹೊಂದುತ್ತಿಲ್ಲ ಅಂದರೆ ಅದನ್ನು 'ಅಪರಿಚಿತ' ಅಂತ ಎತ್ತಿಡುತ್ತಾರೆ. ಮನುಷ್ಯರು ಬಂದು ಹೆಸರು ಕೊಟ್ಟ ಮೇಲೆ ಅದನ್ನು ಕಲಿಸುತ್ತಾರೆ. ಹೊಸದು ಕಲಿಸುವಾಗ ಹಳೆಯದು ಮರೆತುಹೋಗುವ ಕಾಯಿಲೆ ನ್ಯೂರಲ್ ನೆಟ್‌ವರ್ಕಿಗೆ ಇದೆ, 1989ರಿಂದಲೇ ಗೊತ್ತು. ಹಾಗಾಗಿ ಹಳೆಯ ಪ್ರತಿ ಬಗೆಯ ಒಂದಿಷ್ಟು ಚಿತ್ರ ಉಳಿಸಿಕೊಂಡು ಹೊಸದರ ಜೊತೆ ಸೇರಿಸಿ ತೋರಿಸುತ್ತಾರೆ. ಒಕ್ಕಣೆ ಕಲಿಸುವ ಭರದಲ್ಲಿ ಹಸುವನ್ನು ಮರೆಸಬೇಡಿ.

ಶಿರಾ_ಕೋಡರ್

ಮನುಷ್ಯರು ಬಂದು ಹೆಸರು ಕೊಡುತ್ತಾರೆ ಅನ್ನುವ ಜಾಗದಲ್ಲಿ ಲೇಬಲ್_ಅಕ್ಕನಂಥವರು ಇದ್ದಾರೆ. ಅವರ ಪ್ರಶ್ನೆಗಳನ್ನು ಸೂಚನೆ ಪುಸ್ತಕದ ಮೊದಲ ಪುಟಕ್ಕೆ ಹಾಕುತ್ತೇವೆ. ಖಾಲಿ ಸಾಲನ್ನೂ.

ಒಂದೇ ಸಂಶಯ ಉಳಿದಿದೆ. ಊಹಿಸದ ವಸ್ತುವನ್ನು ನಿಭಾಯಿಸುತ್ತದೆ ಅಂತ ಪರೀಕ್ಷೆ ಮಾಡುವುದು ಹೇಗೆ? ಪರೀಕ್ಷೆಗೆ ವಸ್ತು ಆರಿಸಿದ ಕೂಡಲೇ ಅದು ಊಹಿಸಿದ ವಸ್ತು ಆಗಿಬಿಡುತ್ತದೆ.

ಸ್ಟುಟ್‌ಗಾರ್ಟ್_ಕನ್ನಡಿಗ

ಗೊತ್ತಿರುವುದನ್ನೇ ಮುಚ್ಚಿಡಿ. ಐಡಿಡಿಯಲ್ಲಿ ಆಟೋ ಇರುವ ಚಿತ್ರಗಳನ್ನೆಲ್ಲ ತರಬೇತಿಯಿಂದ ತೆಗೆಯಿರಿ. ಗುರುತು ಮಾತ್ರ ಅಳಿಸಿದರೆ ಸಾಲದು, ಚಿತ್ರವೇ ಹೋಗಬೇಕು. ಇಲ್ಲದಿದ್ದರೆ ಮಾಡೆಲ್ ಆಟೋವನ್ನು ಹಿನ್ನೆಲೆ ಅಂತ ಕಲಿತುಬಿಡುತ್ತದೆ. ಆಮೇಲೆ ಆಟೋ ತೋರಿಸಿ ನೋಡಿ. ಆಟೋ ಅನ್ನಬೇಕಿಲ್ಲ. ವಾಹನ ಅಂದರೆ ಪೂರ್ತಿ ಅಂಕ. ಅಪರಿಚಿತ, ಚಲಿಸುತ್ತಿದೆ ಅಂದರೂ ಪಾಸು. ಏನೂ ಇಲ್ಲ ಅಂದರೆ ಫೇಲು. ಮುಂದಿನ ಸಲ ಪ್ರಾಣಿಗಳನ್ನು ತೆಗೆಯಿರಿ. ಹೀಗೆ ಒಂದೊಂದಾಗಿ. ಮುಚ್ಚಿಡುವ ವಸ್ತುವನ್ನು ಮಾಡೆಲ್ ಬರೆಯುವವರು ಆರಿಸಬಾರದು, ಬೇರೆಯವರು ಆರಿಸಬೇಕು.

ಶಿರಾ_ಕೋಡರ್

ಹಾಗಾದರೆ ಆರಿಸುವ ಕೆಲಸ ರೂಟ್_ಚಾಲಕ ಅಣ್ಣನಿಗೆ ಮತ್ತು ಲೇಬಲ್_ಅಕ್ಕನಿಗೆ. ಒಪ್ಪುತ್ತೀರಾ?

ಲೇಬಲ್_ಅಕ್ಕ

ಒಪ್ಪಿದೆ. ಏಣಿ ಕಟ್ಟಿದ ಬೈಕಿನಿಂದ ಶುರು ಮಾಡುತ್ತೇನೆ.

ರೂಟ್_ಚಾಲಕ

ನಾನು ರಾತ್ರಿಯದು ಕೊಡುತ್ತೇನೆ. ಹಿಂದೆ ಲೈಟು, ರಿಫ್ಲೆಕ್ಟರ್ ಎರಡೂ ಇಲ್ಲದ, ಎರಡು ಟ್ರೈಲರಿನ ಕಬ್ಬಿನ ಟ್ರ್ಯಾಕ್ಟರ್. ಎದುರಿನ ಗಾಡಿಯ ಲೈಟು ಕಣ್ಣಿಗೆ ಹೊಡೆಯುವ ಹೊತ್ತಿನಲ್ಲಿ ತೆಗೆದ ಚಿತ್ರವೇ ಬೇಕು. ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯ ಕಡೆ ಬನ್ನಿ, ರಸ್ತೆ ತೋರಿಸುತ್ತೇನೆ.